ಮತ್ತೆ ಒಣಗಿದ ಕಾಗದ

"ನನ್ನ ಮುಖದಲ್ಲೇ ಏನೋ ಐಬಿದೆ ಅನ್ಸತ್ತೆ ಮೇಡಂ," ಎನ್ನುತ್ತ ಫ್ರೇಮ್ ಅಂಗಡಿಯವನು ಸ್ಟೂಲಿನಿಂದ ಎದ್ದೇಬಿಟ್ಟ. "ನಾಳೆಯಿಂದ ಚಿತ್ರಕ್ಕೆ ಕೂರೋಕೆ ನಮ್ಮ ಭಾವನ್ನ ಕಳಿಸ್ತೀನಿ. ಲಕ್ಷಣವಾಗಿದಾರೆ, ಮೀಸೆನೂ ಇದೆ."

ಭಾವನ ಮೀಸೆ ಕಟ್ಟಿಕೊಂಡು ಚಿತ್ರಗಾರ್ತಿಗೇನಾಗಬೇಕು?

ಒದ್ದೆ ಕಾಗದದ ಮೇಲೆ ಜಲವರ್ಣದಲ್ಲಿ ಮುಖ ಬರೆಯುವುದರಲ್ಲಿ ಅವಳದು ಪಳಗಿದ ಕೈ. ಕಾಗದದ ಎರಡೂ ಬದಿಗೆ ನೀರು ಕುಡಿಸಿ, ಹೊಳಪು ಆರುವುದರೊಳಗೆ ಬಣ್ಣ ಬಿಡಬೇಕು. ಕೆನ್ನೆಯ ಕೆಂಪು ತಾನಾಗಿಯೇ ಹರಿದು ಕತ್ತಿನ ನೆರಳನ್ನು ಸೇರಬೇಕು. ತಡಮಾಡಿದರೆ ಕೆಲಸ ಕೆಟ್ಟಂತೆಯೇ. ಒಂದೆಡೆ ಕೂರದ ಮಕ್ಕಳನ್ನೂ ತೂಕಡಿಸುವ ಅಜ್ಜಂದಿರನ್ನೂ ಕಣ್ಣು ಮಿಟುಕಿಸುವುದರೊಳಗೆ ಕಾಗದಕ್ಕಿಳಿಸಿದವಳು ಅವಳು. ಫ್ರೇಮಿನ ಕೆಲಸಕ್ಕೆ ಬಂದಾಗಲೆಲ್ಲ ಅವಳು ಚಿತ್ರಕ್ಕೆ ಕೂರಿಸುತ್ತಿದ್ದ ಈ ಒಬ್ಬನ ಮುಂದೆ ಮಾತ್ರ ಕುಂಚ ಕೈಯಲ್ಲೇ ಉಳಿದುಬಿಡುತ್ತಿತ್ತು.

ಅವನ ಹುಬ್ಬಿನ ಮೇಲೆ ಸದಾ ಒಂದಿಷ್ಟು ಮರದ ಹೊಟ್ಟು. ನಗು ತಡೆದುಕೊಳ್ಳುವಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ. ಅದು ಇನ್ನೊಮ್ಮೆ ಬೀಳಲಿ ಎಂದು ಇವಳು ಕಾಯುತ್ತ ಕೂತರೆ, ಹನಿ ಬಣ್ಣವೂ ಬೀಳದೆ ಕಾಗದ ಒಣಗಿ ಗರಿಗರಿಯಾಗುತ್ತಿತ್ತು. ಇವತ್ತೂ ಅದೇ ಕತೆ.

"ಏನೇ, ಇವತ್ತಾದ್ರೂ ಮೂಗು ಬಂತಾ?" ಅವಳನ್ನು ಸಾಕಿದ ಸೋದರತ್ತೆ ಅಡುಗೆಮನೆಯಿಂದಲೇ ಕೇಳಿದರು.

"ಅತ್ತೆ, ಸ್ವಲ್ಪ ಸುಮ್ನಿರ್ತೀರಾ!"

ಅವನಾಗಲೇ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ. ಪ್ರದರ್ಶನಕ್ಕೆಂದು ಅವನು ಮಾಡಿಕೊಟ್ಟ ಫ್ರೇಮುಗಳೆಲ್ಲ ಗೋಡೆಗೊರಗಿದ್ದವು. ಕೊನೆಯದೊಂದು ಮಾತ್ರ ಬರಬೇಕಿತ್ತು. ಅದನ್ನು ತಂದಿಟ್ಟರೆ ಮುಗಿಯಿತು, ಮತ್ತೆ ಈ ಮೆಟ್ಟಿಲು ಹತ್ತುವ ಕೆಲಸ ಅವನಿಗಿಲ್ಲ. ಇನ್ನು ಬಾಯಿ ಬಿಡದೆ ಗತಿಯಿರಲಿಲ್ಲ.

"ನಿಲ್ಲಿ. ಐಬು ನಿಮ್ಮ ಮುಖದಲ್ಲಿಲ್ಲ."

"ಮತ್ತೆ?"

"ನಿಮ್ಮನ್ನ ನೋಡ್ತಾ ಕೂತ್ಬಿಡ್ತೀನಿ. ಬರೆಯೋದೇ ಮರ್ತುಹೋಗತ್ತೆ. ಅಷ್ಟರಲ್ಲಿ ಇದು ಒಣಗತ್ತೆ." ಅವಳ ಕಣ್ಣು ಖಾಲಿ ಕಾಗದದ ಮೇಲೇ ಇತ್ತು. "ಬೇರೆ ಯಾರ ಮುಂದೆನೂ ನಂಗೆ ಹೀಗಾಗಿಲ್ಲ. ನೀವಂದ್ರೆ ತುಂಬಾ ಇಷ್ಟ. ಇನ್ನೇನು ಹೇಳ್ಲಿ?"

ಅಡುಗೆಮನೆಯ ಪಾತ್ರೆಗಳ ಸದ್ದು ಗಕ್ಕನೆ ನಿಂತಿತು.

ಅವನು ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದ. ಕಿವಿಯ ತುದಿ ಕೆಂಪಾಗಿತ್ತು.

"ಕೊನೇ ಫ್ರೇಮು ಯಾವತ್ತೋ ರೆಡಿಯಾಗಿದೆ ಮೇಡಂ. ತಂದುಕೊಟ್ರೆ ಇಲ್ಲಿಗೆ ಬರೋಕೆ ನೆಪ ಇರಲ್ವಲ್ಲ, ಅಂಗಡೀಲೇ ಬಚ್ಚಿಟ್ಟಿದೀನಿ. ದಿನಾ ಕಾಗದ ಹಾಳಾಗೋದು ನೋಡಿ, ನಿಮಗೆ ನನ್ನಿಂದ ಬೇಜಾರು ಅನ್ಕೊಂಡೆ."

"ಅದಕ್ಕೆ ಭಾವನ್ನ ಕಳಿಸ್ತಿದ್ರಾ?"

"ಅವ್ರಿಗೆ ನಮ್ಮಕ್ಕನ ಜೊತೆ ಮದುವೆ ಆಗಿದೆ. ಅಷ್ಟು ನೋಡ್ಕೊಂಡೇ ಹೇಳಿದ್ದು."

ಅವಳಿಗೆ ನಗು ಉಕ್ಕಿ ಬಂತು. ಅವನು ಅಗಲದ ಕುಂಚವನ್ನು ನೀರಿನಲ್ಲಿ ಅದ್ದಿ, ಒಣಗಿದ ಕಾಗದದ ಮೇಲೆ ಜೋಪಾನವಾಗಿ ಎಳೆಯತೊಡಗಿದ.

"ಏನ್ ಮಾಡ್ತಿದೀರಿ?"

"ನೀವು ಎಷ್ಟು ಹೊತ್ತು ಬೇಕಾದ್ರೂ ನೋಡಿ. ನೀರು ನಾನು ಹಾಕ್ತಿರ್ತೀನಿ."

ಹಾಗೆನ್ನುವಾಗ ಅವನು ನಗು ತಡೆದುಕೊಂಡ. ಗುಳಿ ಬಿತ್ತು. ಈ ಸಲ ಅವಳು ಕಾಯಲಿಲ್ಲ. ಅವಳ ಕುಂಚದ ತುದಿಯಿಂದ ಒಂದು ಹನಿ ಕೆಂಪು ಒದ್ದೆ ಕಾಗದಕ್ಕಿಳಿದು ಮೆಲ್ಲಗೆ ಹರಡಿತು.

"ಮೂಗು ಬಂತೇನೇ?" ಅತ್ತೆಗೆ ತಡೆಯಲಾಗಲಿಲ್ಲ.

"ಇಲ್ಲ ಅತ್ತೆ," ಎಂದಳು ಅವಳು, "ಕೆನ್ನೆ ಬಂತು."