ರಕ್ತ ಮರೆಯದ ಮೂರು ತಿಂಗಳು

"ಎಡಗಡೆ ಕಿಡ್ನಿ ಬೇಕೋ, ಬಲಗಡೆದೋ? ಈಗಲೇ ಹೇಳ್ಬಿಡು. ಆಮೇಲೆ ವಾಪಸ್ ತಗೊಳಲ್ಲ."

ಡಯಾಲಿಸಿಸ್ ಮಂಚದ ಪಕ್ಕ ಕೂತಿದ್ದ ಬಸ್ ಡ್ರೈವರ್ ಗಂಡ ಕಣ್ಣು ಮಿಟುಕಿಸಿದ. ಅವಳು ಬೇಕೆಂದೇ ಮುಖ ಊದಿಸಿಕೊಂಡಳು.

"ಬಸ್ಸಿನ ಕುಲುಕಾಟಕ್ಕೆ ಎರಡೂ ಸಡಿಲ ಆಗಿರತ್ತೆ ಬಿಡ್ರೀ."

"ಲೇ, ಎರಡೂ ಗಟ್ಟಿಯಾಗಿವೆ ಕಣೇ. ಬ್ಲಡ್ ಗ್ರೂಪೂ ಒಂದೇ. ಇನ್ನೇನು ಬೇಕು ನಿಂಗೆ?"

ಇನ್ನೊಂದು ಬೇಕಿತ್ತು. ಅವನ ರಕ್ತದ ಕಣಗಳನ್ನು ಅವಳ ರಕ್ತದ ಜೊತೆ ಲ್ಯಾಬಿನಲ್ಲಿ ಸೇರಿಸಿ ನೋಡಿದ್ದರು. ಅದರ ರಿಪೋರ್ಟು ಈ ದಿನ ಬರುವುದಿತ್ತು.

ಅವನು ಔಷಧಿ ತರಲು ಹೋದಾಗ ಡಾಕ್ಟರಮ್ಮ ಬಂದು ಸ್ಟೂಲ್ ಎಳೆದುಕೊಂಡರು.

"ಅವರ ಕಣಗಳನ್ನ ನಿಮ್ಮ ರಕ್ತ ಸಾಯಿಸ್ತಿದೆಯಮ್ಮ. ನಿಮ್ಮಲ್ಲಿ ಅವರಿಗೆ ಎದುರಾಗಿ ಆ್ಯಂಟಿಬಾಡಿ ಇದೆ, ಅವರ ಕಿಡ್ನಿ ನಿಲ್ಲಲ್ಲ. ಅದು ಹುಟ್ಟೋದು ಸಾಮಾನ್ಯವಾಗಿ ಬೇರೆಯವರ ರಕ್ತ ಹಾಕಿಸ್ಕೊಂಡಾಗ, ಇಲ್ಲ ಗರ್ಭ ನಿಂತಾಗ. ನೀವು ಯಾವತ್ತೂ ರಕ್ತ ಹಾಕಿಸ್ಕೊಂಡಿಲ್ಲ. ಗರ್ಭವೂ ನಿಂತಿಲ್ಲ ಅಂತ ಫಾರಂನಲ್ಲಿ ಬರೆದಿದ್ದೀರಿ."

ಅವಳು ಹೊದಿಕೆಯ ಅಂಚು ಹಿಂಡಿದಳು.

"ಬರೆಯುವಾಗ ಅವರು ಪಕ್ಕದಲ್ಲೇ ಇದ್ರು, ಮೇಡಂ."

ಡಾಕ್ಟರಮ್ಮನ ದನಿ ತಗ್ಗಿತು. "ಮಗುವಿನಲ್ಲಿ ಅಪ್ಪನ ಅಂಶ ಇರತ್ತಲ್ಲ. ತಾಯಿಯ ರಕ್ತ ಅದನ್ನ ಗುರುತಿಟ್ಟುಕೊಳ್ಳುತ್ತೆ. ಅವರಿಗೆ ನಾನು 'ಹೊಂದಲಿಲ್ಲ' ಅಂತಷ್ಟೇ ಹೇಳ್ತೀನಿ. ಬೇರೆ ದಾನಿಗೆ ಕಾಯೋಣ."

ಅವನು ಬಂದಾಗ ಹಾಗೆಯೇ ಹೇಳಿದರು. ಗಂಡ ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದ.

"ನನ್ನಲ್ಲೇ ಏನೋ ಕೆಟ್ಟದ್ದಿದೆ. ಆ ಹಾಳು ಸಿಗರೇಟು. ನಿನಗಿದೊಂದನ್ನ ಕೊಡೋ ಯೋಗ್ಯತೆನೂ ಇಲ್ಲ ನನಗೆ."

ಸುಮ್ಮನಿದ್ದರೆ ಅವನು ಬದುಕಿಡೀ ಹೀಗೇ ತನ್ನನ್ನು ಹಳಿದುಕೊಳ್ಳುತ್ತಾನೆ. ಹೇಳಿದರೆ? ಅವಳು ಅವನ ಕೈಯಿಂದ ರಿಪೋರ್ಟು ತೆಗೆದು ಪಕ್ಕಕ್ಕಿಟ್ಟಳು.

"ತಪ್ಪು ನಿಮ್ಮದಲ್ಲರೀ. ಮದುವೆಯಾದ ವರ್ಷ ಎರಡು ತಿಂಗಳು ನೀವು ದೂರದ ಡಿಪೋಗೆ ಹೋಗಿದ್ರಿ. ನನಗೆ ಮೂರು ತಿಂಗಳಾಗಿತ್ತು. ಫೋನಲ್ಲಿ ಬೇಡ, ಎದುರಿಗೆ ಹೇಳಿ ನಿಮ್ಮ ಮುಖ ನೋಡ್ಬೇಕು ಅಂತಿದ್ದೆ. ನೀವು ಬರೋ ಹಿಂದಿನ ದಿನ ಹೋಗಿಬಿಡ್ತು. ನೀವು ಬಾಗಿಲಲ್ಲಿ ನಗ್ತಾ ನಿಂತಿದ್ರಿ. ಬಾಯೇ ಬರಲಿಲ್ಲ."

ಅವನು ತಲೆ ಎತ್ತಿ ಅವಳನ್ನೇ ನೋಡಿದ.

"ಅದು ನಿಮ್ಮದಾಗಿತ್ತು. ಅದಕ್ಕೇ ನನ್ನ ರಕ್ತ ಈಗ ನಿಮ್ಮನ್ನ ಬೇಡ ಅಂತಿದೆ. ಬೈದುಬಿಡಿ ನನ್ನ."

ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಅವನು ಅವಳ ಸೂಜಿಯಿಲ್ಲದ ಕೈಯನ್ನು ಹುಡುಕಿ ಹಿಡಿದ.

"ಹನ್ನೊಂದು ವರ್ಷ ಒಬ್ಬಳೇ ಅತ್ತಿದ್ದೀಯ."

"ರೀ…"

"ನಾನೂ ಅಪ್ಪ ಆಗಿದ್ದೆ," ಎಂದ. ಅವನ ಕೆನ್ನೆ ಒದ್ದೆಯಾಗಿತ್ತು. "ಹೇಳೇ. ಮೊದಲು ಗೊತ್ತಾದ ದಿನದಿಂದ, ಒಂದೂ ಬಿಡದೆ ಹೇಳು."

ಯಂತ್ರ ನಿಲ್ಲಲು ಇನ್ನೂ ಎರಡು ಗಂಟೆಯಿತ್ತು. ಅವಳು ಹೇಳತೊಡಗಿದಳು.