ಗರಿಗಳ ಭಾನುವಾರದ ಜಗಳ

"ತಗೋ" ಎನ್ನಲೂ ಇಲ್ಲ. ಇನ್ನಾಸ ಸುಮ್ಮನೆ ತೆಂಗಿನ ಗರಿಯೊಂದನ್ನು ಅವಳತ್ತ ಚಾಚಿದ.

ಕುಷ್ಟಗಿಯ ಆ ಪುಟ್ಟ ಚರ್ಚಿನ ಬಾಗಿಲಲ್ಲಿ ಫಿಲೋಮಿನಾ ಅದನ್ನು ಕಸಿದುಕೊಂಡಳು... ಸಿಟ್ಟು ನೆತ್ತಿಗೇರಿತು!

ದಿನವೂ ಫೋನಿನಲ್ಲಿ ತಲೆ ತಿನ್ನುತ್ತಿದ್ದವನು, ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಹೋದಮೇಲೆ ಅವಳೊಂದಿಗೆ ಬಾಯಿ ಬಿಟ್ಟಿರಲಿಲ್ಲ. ಫೋನ್ ಎತ್ತಲಿಲ್ಲ. ಎದುರು ಸಿಕ್ಕರೆ ಸಂತನ ಪ್ರತಿಮೆಯಂತೆ ನಿಲ್ಲುತ್ತಿದ್ದ. ಅಂದು ಶುರುವಾದ, ಪಾಸ್ಕ ಅಂದರೆ ಈಸ್ಟರ್ ಹಬ್ಬದ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲವೇ ಮುಗಿಯುತ್ತ ಬಂದಿತ್ತು.

'ಬೇರೆ ಯಾರೋ ಸಿಕ್ಕಾಳ... ನಾನ ಹುಚ್ಚಿ!'

ಮೆರವಣಿಗೆಯಲ್ಲಿ ಎಲ್ಲರೂ ಗರಿ ಬೀಸಿ "ಹೊಸಾನ್ನ" ಎಂದು ದೇವರಿಗೆ ಜಯಕಾರ ಹಾಡಿದರು. ಅವಳು ಮಾತ್ರ ಗರಿಯನ್ನು ಪೊರಕೆಯಂತೆ ಹಿಡಿದು ನಡೆದಳು. ಪೂಜೆಯಲ್ಲಿ ಪರಸ್ಪರ ಶಾಂತಿ ಕೋರುವಾಗ ಅಕ್ಕಪಕ್ಕದವರಿಗೆಲ್ಲ ಕೈಮುಗಿದಳು, ಅವನತ್ತ ತಿರುಗಲಿಲ್ಲ.

ಪೂಜೆ ಮುಗಿದದ್ದೇ ತಡ, ಬೇವಿನ ಗಿಡದ ಕೆಳಗೆ ಅವನನ್ನು ಅಡ್ಡಗಟ್ಟಿದಳು.

"ನಾಳೆ ಹನುಮಸಾಗರದಿಂದ ನನ್ನ ನೋಡಾಕ ಬರ್ತಾರ. ಹೂಂ ಅಂತೀನಿ. ನಿಂದೇನರ ಐತೇನು ಹೇಳೂದು?"

ಇನ್ನಾಸ ಬಾಯಿ ತೆರೆದ. ಮುಚ್ಚಿದ. ಕೈಯಾಡಿಸಿ ಏನೋ ಸನ್ನೆ ಮಾಡಿದ.

"ಮೂಕ ಆಗೀಯೇನೋ, ಮಂಗ್ಯಾ!"

"ಉಪವಾಸ ಅದೀನಿ!" ಕಡೆಗೂ ಚೀರಿದ.

"ಉಪವಾಸ ಇದ್ದವ್ರು ಬಾಯಿಗೆ ಬೀಗ ಹಾಕ್ಕೋತಾರೇನು?"

"ಎದರ ಮ್ಯಾಲೆ ಭಾಳ ಜೀವ ಐತಿ ಅದನ್ನ ಬಿಡ್ರಿ ಅಂದ್ರಲ್ಲ ಫಾದರ್! ನಮ್ಮಪ್ಪ ಬೀಡಿ ಬಿಟ್ಟ. ನಾನು... ನಿನ್ನ ಕೂಡ ಮಾತಾಡೂದು ಬಿಟ್ಟೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನನಗೊಂದು ಮಾತು ಹೇಳಬಾರದಿತ್ತೇನು?"

"ಉಪವಾಸ ಗುಟ್ಟಾಗಿ ಮಾಡ್ರಿ ಅಂತ ಬೂದಿ ಹಚ್ಚಿದ ದಿನ ಬೈಬಲ್ಲಿನ ಶುಭಸಂದೇಶದಾಗ ಓದಿದ್ರು..."

ಕೆಂಪು ಪೂಜಾವಸ್ತ್ರ ಮಡಚುತ್ತ ಬಂದ ಫಾದರ್ ಅಲ್ಲೇ ನಿಂತುಬಿಟ್ಟರು.

"ಲೇ ಇನ್ನಾಸ, ಭಾನುವಾರ ಉಪವಾಸದ ಲೆಕ್ಕಕ್ಕ ಬರೂದಿಲ್ಲೋ! ಪ್ರತಿ ಭಾನುವಾರ ಮಾತಾಡಬಹುದಿತ್ತು!"

ಇನ್ನಾಸನ ಮುಖ ಇಂಗು ತಿಂದ ಮಂಗನಂತಾಯಿತು. "ಮೊದಲ ಹೇಳಬಾರದೇನ್ರಿ, ಫಾದರ್?"

"ನೀ ಗುಟ್ಟಾಗಿ ಮಾಡೀಯಲ್ಲೋ!" ಎಂದು ನಗುತ್ತ ಅವರು ಹೊರಟುಹೋದರು.

ಫಿಲೋಮಿನಾ ಕಣ್ಣೊರೆಸಿಕೊಂಡಳು. "ನಾಳೆ ಬರೋರಿಗೆ ಏನು ಹೇಳ್ಲಿ?"

"ಬರಬ್ಯಾಡ್ರಿ ಅನ್ನು. ಪಾಸ್ಕ ಹಬ್ಬ ಆದ ಕೂಡಲೆ ನಮ್ಮವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ತೀನಿ."

"ಬಾ... ಆದ್ರ ಮುಂದಿನ ವರ್ಷ ಮಿರ್ಚಿ ಬಜಿ ಬಿಡು. ನನ್ನ ಬಿಡಬ್ಯಾಡ."

ಅವನು ನಿಜಕ್ಕೂ ಯೋಚನೆಗೆ ಬಿದ್ದ. "ಮಿರ್ಚಿ ಬಿಡೂದು ಭಾಳ ಕಷ್ಟ..."

"ನನಗಿಂತ ಹೆಚ್ಚೇನು ಅದು?" ಅವಳು ಗರಿ ಎತ್ತಿದಳು.

"ಹೆಚ್ಚಿದ್ದಿದ್ರ ಈ ವರ್ಷ ಅದನ್ನ ಬಿಡ್ತಿದ್ದೆ, ಫಿಲ್ಲೂ."