ಮೆಣಸಿನ ಎಡಗೈ

“ಇದೇನು, ನಾಯಿಗೆ ಕಟ್ಟೋ ಬೆಲ್ಟಾ?”

ಮೆಣಸು ಆ ಕಂದು ಚರ್ಮದ ಪಟ್ಟಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು, ಸತ್ತ ಇಲಿಯ ಬಾಲ ಹಿಡಿದವಳ ಹಾಗೆ. ವಾದ್ಯ ರಿಪೇರಿ ಮಾಡುವ ಮಾಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

ಅವಳ ನಿಜವಾದ ಹೆಸರು ಬೇರೆ. ಆದರೆ ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಕರೆಯುವುದು ಮೆಣಸು ಎಂದೇ. ಆಳು ಇಷ್ಟೇ ಇಷ್ಟು, ನಾಲಿಗೆ ಮಾತ್ರ ಖಾರವೋ ಖಾರ. ಶಾಲೆಯ ಬ್ಯಾಂಡಿನಲ್ಲಿ ಅವಳು ಊದುವುದು ಟ್ರಾಂಬೋನ್. ಅವಳಷ್ಟೇ ಉದ್ದದ ಹಿತ್ತಾಳೆಯ ವಾದ್ಯ ಅದು. ಅದರ ಭಾರವೆಲ್ಲ ಎಡಗೈ ಮೇಲೆ. ಬಲಗೈ ಉದ್ದನೆಯ ಸ್ಲೈಡನ್ನು ಹಿಂದೆ ಮುಂದೆ ಆಡಿಸಬೇಕೇ ಹೊರತು ಭಾರ ಹೊರಬಾರದು. ಹೊತ್ತರೆ ಸ್ಲೈಡ್ ಸಿಕ್ಕಿಕೊಂಡು ಸ್ವರ ಕೆಡುತ್ತದೆ.

ಈಗ ಆ ಎಡಗೈಯೇ ಸೋತಿತ್ತು. ಹತ್ತು ನಿಮಿಷ ಊದಿದರೆ ಸಾಕು, ಮಣಿಕಟ್ಟು ನೋಯುತ್ತಿತ್ತು. ಟ್ರಾಂಬೋನಿನ ಅಗಲ ಬಾಯಿ ಮೆಲ್ಲಗೆ ನೆಲದ ಕಡೆ ಜಾರುತ್ತಿತ್ತು. ಬ್ಯಾಂಡ್ ಸರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು:

“ಶುಕ್ರವಾರ ಒಬ್ಬೊಬ್ರೇ ನಿಂತು ಇಡೀ ಮಾರ್ಚ್ ಊದ್ಬೇಕು. ಕೊನೇ ಸ್ವರ ಹದಿನಾರು ಎಣಿಸೋವರೆಗೂ ಎಳೀಬೇಕು. ಅಷ್ಟರಲ್ಲಿ ಟ್ರಾಂಬೋನ್ ನೆಲ ನೋಡಿದ್ರೆ, ನೀನು ಟ್ರಯಾಂಗಲ್‌ಗೆ ಹೋಗು.”

ಟ್ರಯಾಂಗಲ್! ಮೂರು ಮೂಲೆಯ ಒಂದು ಕಂಬಿ. ಇಡೀ ಹಾಡಿಗೆ ನಾಲ್ಕು ಸಲ ‘ಟಿಂಗ್’ ಅನ್ನಿಸಿದರೆ ಮುಗಿಯಿತು. ಅದಕ್ಕಿಂತ ಯಾರದಾದರೂ ಮನೆಯ ಕಾಲಿಂಗ್ ಬೆಲ್ ಒತ್ತಿಕೊಂಡಿರುವುದು ಮೇಲು ಎಂದು ಮೆಣಸಿನ ಅಭಿಪ್ರಾಯ. ಅದಕ್ಕೇ ಅಮ್ಮನನ್ನು ಎಳೆದುಕೊಂಡು ಅಂಗಡಿಗೆ ಬಂದಿದ್ದಳು.

“ಪಟ್ಟೀನ ಟ್ರಾಂಬೋನ್‌ಗೆ ಹೀಗೆ ಬಿಗಿಯೋದು,” ಎಂದರು ಮಾಮ. “ಒಳಗೆ ಕೈ ತೂರಿಸಿದ್ರೆ ಭಾರ ಅಂಗೈ ಹಿಂದಕ್ಕೆ ಹೋಗುತ್ತೆ. ಬೆರಳಿಗೆ ಬಿಡುವು.”

“ಬೇಡಪ್ಪ! ಇಂಥದ್ದು ನಮ್ಮ ಕ್ಲಾಸಲ್ಲಿ ಇರುವೆ ಕಟ್ಕೋತಾನೆ. ನಾನು ಅದಕ್ಕೆ ಬ್ಯಾಂಡೇಜ್ ಅಂತೀನಿ.”

ಇರುವೆ ಎಂದರೆ ಅವಳ ಪಕ್ಕದಲ್ಲಿ ಕೂತು ಟ್ರಾಂಬೋನ್ ಊದುವ ಹುಡುಗ. ಅವಳಿಗಿಂತಲೂ ಚಿಕ್ಕವನು. ಆ ಹೆಸರು ಇಟ್ಟವಳೂ ಇವಳೇ. ದಿನಾ ಅವನು ಬಂದು ಕೂತ ಕೂಡಲೇ “ಏನೋ, ಗಾಯ ವಾಸಿ ಆಯ್ತಾ?” ಎಂದು ಕೇಳುತ್ತಿದ್ದಳು. ಮೊದಲ ದಿನ ಎಲ್ಲರೂ ನಕ್ಕಿದ್ದರು. ಎರಡನೇ ದಿನ ಇಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೆಣಸು ಮಾತ್ರ ಕೇಳುವುದನ್ನು ಬಿಡಲಿಲ್ಲ.

ಮಾಮ ಇನ್ನೊಂದನ್ನು ತೆಗೆದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕೂರುವ ಬಾಗಿದ ಲೋಹದ ತುಂಡು.

“ನಲ್ಲಿಯ ಹಿಡಿಕೆ,” ಎಂದಳು ಮೆಣಸು.

ಮೂರನೆಯದು ಟ್ರಾಂಬೋನಿನಿಂದ ಕುರ್ಚಿಯವರೆಗೆ ಇಳಿದು ಭಾರ ಹೊರುವ ಸರಳು.

“ಅಜ್ಜನ ಕೋಲು!”

ಅಮ್ಮನಿಗೆ ರೇಗಿತು. ಅಮ್ಮ ಸಿಟಿ ಬಸ್ಸಿನ ಡ್ರೈವರ್. ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು. “ನಾನು ಬೆನ್ನಿಗೆ ದಿಂಬು ಇಟ್ಕೊಂಡೇ ಬಸ್ ಓಡಿಸೋದು. ಹಾಗಂತ ಯಾವ ಪ್ಯಾಸೆಂಜರ್ ನಕ್ಕಿದ್ದಾರೆ?”

“ಅವ್ರಿಗೆ ನಿನ್ನ ಬೆನ್ನು ಕಾಣಲ್ಲಮ್ಮ. ನನ್ನ ಕೈ ಎಲ್ರಿಗೂ ಕಾಣುತ್ತೆ.”

ಅಂಗಡಿಯ ಮೂಲೆಯಲ್ಲಿ ದೊಡ್ಡ ಕನ್ನಡಿ ಇತ್ತು. ಮೆಣಸು ಟ್ರಾಂಬೋನ್ ಹಿಡಿದು ಅದರ ಮುಂದೆ ನಿಂತಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಕೊನೆಗೆ ಒಂದು ತೆಳ್ಳನೆಯ ಕಪ್ಪು ಸ್ಪಂಜಿನ ಪ್ಯಾಡ್ ಸಿಕ್ಕಿತು. ಹಿಡಿಯುವ ಜಾಗಕ್ಕೆ ಸುತ್ತಿ ಮೇಲೆ ಕೈ ಇಟ್ಟರೆ ಅದು ಇದೆ ಎಂದೇ ಗೊತ್ತಾಗುತ್ತಿರಲಿಲ್ಲ.

“ಇದೇ ಬೇಕು!”

“ಅದು ಮೆತ್ತಗಿರುತ್ತೆ ಅಷ್ಟೇ ಕಣಮ್ಮ. ಭಾರ ಹೊರಲ್ಲ,” ಎಂದರು ಮಾಮ. “ಹತ್ತು ನಿಮಿಷ ಊದಿ ನೋಡು.”

“ನೋಡಿದ್ನಲ್ಲ, ಚೆನ್ನಾಗಿ ಕಾಣುತ್ತೆ.”

“ಶುಕ್ರವಾರ ಕನ್ನಡಿ ಬಂದು ಊದುತ್ತಾ?”

ಮೆಣಸು ಮೂತಿ ತಿರುವಿದಳು. ಅಮ್ಮ ನಿಟ್ಟುಸಿರು ಬಿಟ್ಟಳು. “ಕೊಟ್ಬಿಡಿ ಅಣ್ಣ. ಕೆಟ್ಟ ಮೇಲೇ ಇವಳಿಗೆ ಬುದ್ಧಿ ಬರೋದು.”

“ಹಿಡಿಸ್ದಿದ್ರೆ ವಾಪಸ್ ತಂದ್ಕೊಡಿ,” ಎಂದರು ಮಾಮ.

ಗುರುವಾರದ ಪ್ರಾಕ್ಟೀಸಿನಲ್ಲಿ ಮೊದಲ ಐದು ನಿಮಿಷ ಸೊಗಸಾಗಿ ಹೋಯಿತು. ಏಳನೇ ನಿಮಿಷಕ್ಕೆ ಮಣಿಕಟ್ಟು ಚುರುಗುಟ್ಟತೊಡಗಿತು. ಪ್ಯಾಡ್ ಮೆತ್ತಗೆ ಇತ್ತು, ನೋವೂ ಮೆತ್ತಗೆ ಶುರುವಾಗಿ ಜೋರಾಯಿತು. ಟ್ರಾಂಬೋನ್ ಜಾರುತ್ತಿದ್ದಂತೆ ಮೆಣಸು ಯಾರಿಗೂ ಕಾಣದ ಹಾಗೆ ಬಲಗೈಯಿಂದ ಎತ್ತಿ ಹಿಡಿದಳು. ಸ್ಲೈಡ್ ಸಿಕ್ಕಿಕೊಂಡಿತು. ‘ಬ್ರ್ಯಾಆಆ’ ಎಂದು ವಿಚಿತ್ರವಾದ ಸದ್ದು ಹೊರಟಿತು.

“ಯಾರದ್ರೀ ಎಮ್ಮೆ ಒಳಗೆ ಬಂದಿದ್ದು?” ಎಂದರು ಬ್ಯಾಂಡ್ ಸರ್.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇರುವೆ ಒಬ್ಬನೇ ನಗಲಿಲ್ಲ. ಅದು ಮೆಣಸಿಗೆ ಇನ್ನೂ ಉರಿ ತರಿಸಿತು. ‘ನಗೋಕೂ ಧೈರ್ಯ ಇಲ್ಲ ಪುಕ್ಕಲನಿಗೆ’ ಎಂದುಕೊಂಡಳು.

ಅವತ್ತು ಸಂಜೆಯೇ ಅಂಗಡಿಗೆ ಹೋಗಬಹುದಿತ್ತು. ಅಮ್ಮನೂ ಕರೆದಳು. ಆದರೆ ಆ ಮಾಮನ ಕನ್ನಡಕದ ಮುಂದೆ ಮತ್ತೆ ಹೋಗಿ ನಿಲ್ಲುವುದೇ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ಮೆಣಸಿಗೆ ಮೀಸೆ ಇರಲಿಲ್ಲ, ಜಂಭ ಮಾತ್ರ ಬೇಕಾದಷ್ಟಿತ್ತು. “ಕೈ ಸರಿಯಾಗಿದೆ,” ಎಂದು ಹೇಳಿ ಮಲಗಿಬಿಟ್ಟಳು.

ಶುಕ್ರವಾರ ಸರ್ ಮೊದಲು ಕರೆದದ್ದು ಇರುವೆಯನ್ನು. ಅವನು ಎದ್ದು ನಿಂತು ಇಡೀ ಮಾರ್ಚ್ ಊದಿದ. ಕೊನೆಯ ಸ್ವರ ಬಂತು. ಹದಿನಾಲ್ಕು, ಹದಿನೈದು, ಹದಿನಾರು. ಟ್ರಾಂಬೋನ್ ಒಂದಿಷ್ಟೂ ಅಲುಗಲಿಲ್ಲ. ಸರ್ ತಲೆಯಾಡಿಸಿ ಟ್ರಂಪೆಟ್ ಊದುವ ಹುಡುಗನನ್ನು ಕರೆದರು. ಅವನ ನಂತರ ಮೆಣಸಿನ ಸರದಿ.

ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಗೋಡೆಯ ಮೊಳೆಯಲ್ಲಿ ಟ್ರಯಾಂಗಲ್ ನೇತಾಡುತ್ತಿತ್ತು.

ಇರುವೆ ಕೂತ. ತನ್ನ ಪಟ್ಟಿಯ ಬಕಲ್ ಬಿಚ್ಚಿದ. ಅದನ್ನು ಅವಳ ತೊಡೆಯ ಮೇಲೆ ಹಾಕಿದ.

“ಕಟ್ಕೋ.”

“ಯಾರು ಕೇಳಿದ್ರು ನಿನ್ನ?”

“ಯಾರೂ ಕೇಳ್ಲಿಲ್ಲ. ನೀನು ಟ್ರಯಾಂಗಲ್‌ಗೆ ಹೋದ್ರೆ ಟ್ರಾಂಬೋನ್‌ಗೆ ನಾನೊಬ್ನೇ ಉಳೀತೀನಿ. ಸರ್ ಬೈಗುಳ ಎಲ್ಲ ನಂಗೊಬ್ನಿಗೇ ಬೀಳುತ್ತೆ. ಬೇಗ ಕಟ್ಕೊಳ್ಳೇ.”

ಮೆಣಸು ಪ್ಯಾಡ್ ಕಿತ್ತು ಪಟ್ಟಿ ಸುತ್ತಿದಳು. ಅವಳಿಗೆ ಬಕಲ್ ಹಾಕಲು ಬರಲಿಲ್ಲ, ಅವನೇ ಹಾಕಿದ. ಆಗ ಅವಳು ಅದನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ಪಟ್ಟಿಯ ಹೊರಗಡೆ ಕಂದು ಬಣ್ಣ ಇರಲೇ ಇಲ್ಲ. ಉದ್ದಕ್ಕೂ ಹಳದಿ ಟೇಪ್ ಅಂಟಿಸಿತ್ತು. ಪಟ್ಟಿಯ ಅಗಲಕ್ಕೆ ಸರಿಯಾಗಿ, ಕತ್ತರಿಯಿಂದ ನೀಟಾಗಿ ಕತ್ತರಿಸಿದ ಟೇಪ್. ಬೆವರಿಗೆ ಎದ್ದ ಕಡೆಯೆಲ್ಲ ಮೇಲೆ ಹೊಸದು ಅಂಟಿಸಿ ಮೂರು ನಾಲ್ಕು ಪದರವಾಗಿತ್ತು. ಥೇಟ್ ಹಿತ್ತಾಳೆಯ ಬಣ್ಣ.

“ಇದ್ಯಾಕೋ?”

“ಟ್ರಾಂಬೋನ್ ಬಣ್ಣಕ್ಕೆ ಸೇರ್ಕೊಂಡು ಕಾಣ್ದೇ ಇರ್ಲಿ ಅಂತ.”

“ಯಾರಿಗೆ?”

ಇರುವೆ ಅವಳನ್ನು ಒಂದು ಸಲ ನೋಡಿದ. ಆಮೇಲೆ ಸ್ಟ್ಯಾಂಡಿನ ಮೇಲಿದ್ದ ಹಾಳೆಯನ್ನು ನೋಡಿದ.

ಮೆಣಸಿಗೆ ನಾಚಿಕೆಯಾಯಿತು. ಕಿವಿಯೆಲ್ಲ ಬಿಸಿಯಾಯಿತು.

“ಟ್ರಾಂಬೋನ್, ನೆಕ್ಸ್ಟ್!” ಎಂದರು ಸರ್.

ಅವಳು ಎದ್ದು ಊದಿದಳು. ಭಾರ ಬೆರಳು ಬಿಟ್ಟು ಅಂಗೈ ಹಿಂದೆ ಹೋಗಿ ಕೂತಿತು. ಬಲಗೈಯಲ್ಲಿ ಸ್ಲೈಡ್ ಎಣ್ಣೆ ಹಾಕಿದ ಹಾಗೆ ಓಡಿತು. ಕೊನೆಯ ಸ್ವರ ಹದಿನಾರು ದಾಟಿ ಹದಿನೇಳಕ್ಕೆ ಹೋಯಿತು.

“ಸಾಕು ಸಾಕು, ಕೂತ್ಕೋ,” ಎಂದರು ಸರ್. “ಟ್ರಾಂಬೋನಲ್ಲೇ ಇರು.”

ಅವಳು ಪಟ್ಟಿ ಬಿಚ್ಚಿ ಇರುವೆಗೆ ಕೊಟ್ಟಳು. ಅವಳ ಬೆವರಿಗೆ ಟೇಪಿನ ಒಂದು ತುದಿ ಎದ್ದಿತ್ತು. ಇರುವೆ ಅದನ್ನು ಹೆಬ್ಬೆರಳಲ್ಲಿ ಒತ್ತತೊಡಗಿದ.

“ಬಿಡೋ, ಅದನ್ನ ಅಂಟಿಸ್ಬೇಡ. ನಾನೇನೂ ಅನ್ನಲ್ಲ.”

ಇರುವೆ ನಂಬಲಿಲ್ಲ. ಒತ್ತಿ ಒತ್ತಿ ಅಂಟಿಸಿಯೇ ಬಿಟ್ಟ.

ಸಂಜೆ ಮೆಣಸು ಅಂಗಡಿಗೆ ಹೋಗಿ ಪ್ಯಾಡ್ ವಾಪಸ್ ಕೊಟ್ಟು, ಕಂದು ಚರ್ಮದ ಪಟ್ಟಿ ತೆಗೆದುಕೊಂಡಳು. ಮಾಮ ಏನಾದರೂ ಅಂದರೆ ಅನ್ನಿಸಿಕೊಳ್ಳೋಣ ಎಂದು ನಿಂತೇ ಇದ್ದಳು. ಅವರು ಸುಮ್ಮನೆ ಬಕಲ್ ಹಾಕುವುದನ್ನು ಹೇಳಿಕೊಟ್ಟರು.

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಬ್ಯಾಂಡ್ ರೂಮಿಗೆ ಬಂದು ಕೂತಳು. ಇರುವೆ ಬಂದ. ಅವಳ ಕೈಯ ಮೇಲಿದ್ದ ಕಂದು ಪಟ್ಟಿ ನೋಡಿದ. ಮೆಣಸು ಕೈಯನ್ನು ಇನ್ನೂ ಸ್ವಲ್ಪ ಅವನ ಕಡೆಗೆ ತಿರುಗಿಸಿ ಕಾದಳು. ‘ಗಾಯ ವಾಸಿ ಆಯ್ತಾ’ ಅಂತ ಒಂದೇ ಒಂದು ಸಲ ಕೇಳಲಿ ಎಂದು ಕಾದಳು.

ಇರುವೆ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ತನ್ನ ಹಾಳೆ ಬಿಡಿಸಿದ. ಕೇಳಿದ್ದರೆ ಎಷ್ಟೋ ವಾಸಿ ಇತ್ತು ಅನ್ನಿಸಿತು ಮೆಣಸಿಗೆ.